ಎಂಜಿನ್ನಿಗೆ ಹೊಡೆದ ಬೆಣೆ

ತೊಂಬತ್ತರ ದಶಕ ಮುಗಿಯುತ್ತಿದ್ದ ದಿನಗಳಲ್ಲಿ ಚಳ್ಳಕೆರೆಯಲ್ಲಿ ಏಸಿ ಇರುವ ಕಾರುಗಳು ಬೆರಳೆಣಿಕೆಯಷ್ಟಿದ್ದವು. ಅವುಗಳಲ್ಲಿ ಒಂದು ನನ್ನದಾಗಿತ್ತು ಅಂದ ಕೂಡಲೇ ನನ್ನನ್ನು ಸಾಹುಕಾರ ಅಂದುಕೊಳ್ಳಬೇಡಿ. ಎಣ್ಣೆ ಮಿಲ್ಲಿನ ಯಜಮಾನರೊಬ್ಬರು ವರ್ಷಗಟ್ಟಲೆ ಓಡಿಸಿ, ಮಕ್ಕಳು ಇನ್ನು ಇದರಲ್ಲಿ ಕೂರಲ್ಲ ಎಂದು ಹಠ ಹಿಡಿದ ಮೇಲೆ ನನಗೆ ದಾಟಿಸಿದ ಬಿಳಿ ಕಾರು ಅದು. ಬಾಗಿಲು ಎರಡು ಸಲ ಎಳೆದರೆ ಒಂದು ಸಲ ಹಾಕಿಕೊಳ್ಳುತ್ತಿತ್ತು. ಆದರೆ ಗುಂಡಿ ಒತ್ತಿದರೆ ಮುಖಕ್ಕೆ ತಣ್ಣನೆ ಗಾಳಿ ಬರುತ್ತಿತ್ತು. ಬೇಸಿಗೆಯಲ್ಲಿ ಅಂಗಡಿಗೆ ಬಂದವರು ಕಿಟಕಿಯೊಳಗೆ ಕೈ ತೂರಿಸಿ, "ಓಹೋ, ಐಸ್ ಇದ್ದಂಗೈತೆ" ಅನ್ನುವರು. ಆ ಗಾಳಿಯನ್ನು ನಾನೇ ತಯಾರಿಸಿದವನ ಹಾಗೆ ಪಕ್ಕದಲ್ಲಿ ನಿಂತಿರುತ್ತಿದ್ದೆ.

ನನ್ನದು ಪಂಪ್‌ಸೆಟ್ ಸಾಮಾನಿನ ಅಂಗಡಿ. ದಿನಾ ಮೋಟರು, ಬೇರಿಂಗು, ವಾಲ್ವು ಮಾರುವವನಿಗೆ ಪ್ರಪಂಚದ ಯಂತ್ರಗಳೆಲ್ಲ ತನಗೆ ಗೊತ್ತು ಎಂಬ ಭ್ರಮೆ ಬರುವುದು ಸಹಜ. ನನಗೆ ಸಹಜಕ್ಕಿಂತ ಒಂದು ತೂಕ ಹೆಚ್ಚೇ ಬಂದಿತ್ತು. ಅದರ ಜೊತೆಗೆ ಮೂಗಿನ ತುದಿಯಲ್ಲಿ ಕೋಪ. ನಮ್ಮವ್ವ, "ಇವನಿಗೆ ಬಾಯಿ ಮುಂದೆ, ಬುದ್ಧಿ ಹಿಂದೆ" ಎಂದು ನೆಂಟರ ಎದುರಿಗೇ ಹೇಳುತ್ತಿದ್ದಳು. ಅವ್ವನ ಮಾತು ನಿಜ. ಈಗ ಬರೆಯುತ್ತಿರುವುದೂ ಅದನ್ನೇ.

ನನಗೆ ಒಬ್ಬಳೇ ಅಕ್ಕ. ಅಪ್ಪ ಮಗ್ಗ ಬಿಟ್ಟು ಚಳ್ಳಕೆರೆಗೆ ಬಂದು ನೆಲೆಸಿದವರು. ಅಕ್ಕ ಮದುವೆಯಾಗಿ ಮತ್ತೆ ಮೊಳಕಾಲ್ಮೂರಿನ ಮಗ್ಗದ ಮನೆಗೇ ಹೋದಳು. ಅಲ್ಲಿ ಬಾವ ರೇಷ್ಮೆ ಸೀರೆ ನೇಯುತ್ತಿದ್ದರು. ಮನೆಯೊಳಗೆ ಅವರು ತಮ್ಮ ತಾಯಿಯ ಜೊತೆ ತೆಲುಗು, ನಮ್ಮ ಜೊತೆ ಕನ್ನಡ ಮಾತಾಡುವರು. ಎರಡೂ ಸೇರಿಸಿದರೂ ದಿನಕ್ಕೆ ಹತ್ತು ಮಾತು ದಾಟುತ್ತಿರಲಿಲ್ಲ. ಅಂಥವರ ಜೊತೆ ಹೇಗೆ ಬಾಳ್ತೀಯೇ ಎಂದು ನಾನು ಅಕ್ಕನನ್ನು ಕಾಡಿಸಿದರೆ, "ನಿನ್ನಂಥ ತಮ್ಮನ ಜೊತೆ ಇಪ್ಪತ್ತು ವರ್ಷ ಇದ್ದೋಳಿಗೆ ಸ್ವಲ್ಪ ವಿಶ್ರಾಂತಿ ಬೇಡವೇನೋ?" ಅನ್ನುವಳು.

ಅಕ್ಕನಿಗೆ ಎರಡು ಸಲ ಆರನೇ ತಿಂಗಳಲ್ಲಿ ಕೂಸು ಕೈತಪ್ಪಿತ್ತು. ಎರಡನೆಯದರ ನಂತರ ಅವಳು ಬಹಳ ದಿನ ನಮ್ಮ ಮನೆಗೂ ಬರಲಿಲ್ಲ. ಮೂರನೆಯ ಸಲ ಬಸಿರು ನಿಂತಾಗ ಯಾರೂ ಜೋರಾಗಿ ಸಂತೋಷ ಪಡಲಿಲ್ಲ. ಆರು ದಾಟಿತು, ಏಳು ದಾಟಿತು. ಚಿತ್ರದುರ್ಗದ ಡಾಕ್ಟರಮ್ಮ, ರಕ್ತದೊತ್ತಡ ಜಾಸ್ತಿ ಇದೆ, ಮಲಗಿಯೇ ಇರಬೇಕು, ಬಸ್ಸಿನ ಕುಲುಕಾಟ ಬೇಡ, ಬಿಸಿಲಂತೂ ಬೇಡವೇ ಬೇಡ ಅಂದರು. ಆಸ್ಪತ್ರೆಗೆ ಹತ್ತಿರವಾಗಲಿ ಅಂತ ಎಂಟಕ್ಕೆ ಬಿದ್ದ ಕೂಡಲೇ ಅವಳನ್ನು ಚಳ್ಳಕೆರೆಗೆ, ಅವ್ವನ ಹತ್ತಿರ ಕರೆತರುವುದೆಂದು ತೀರ್ಮಾನವಾಯಿತು. ಆಗ ಮೇ ತಿಂಗಳು. ನಮ್ಮ ಕಡೆಯ ಮೇ ತಿಂಗಳಲ್ಲಿ ಕಾಗೆಯೂ ಮಧ್ಯಾಹ್ನ ಹಾರುವುದಿಲ್ಲ.

ಬೆಳಗಿನ ಜಾವ ತಂಪೊತ್ತಿನಲ್ಲಿ ಹೊರಟುಬಿಟ್ಟರೆ ಮುಗಿಯುತ್ತಿತ್ತು. ಆದರೆ ಬಾವನ ತಾಯಿ ಪಂಚಾಂಗ ನೋಡಿಸಿದ್ದರು. ಒಳ್ಳೆಯ ಹೊತ್ತು ಶುಕ್ರವಾರ ರಾಹುಕಾಲ ಕಳೆದು, ಹನ್ನೆರಡರ ಮೇಲೆ. ಮೊದಲೆರಡು ಸಲ ಹೊತ್ತು ನೋಡದೆ ಆಸ್ಪತ್ರೆಗೆ ಹೊರಟಿದ್ದಕ್ಕೇ ಹಾಗಾಯಿತು ಎಂಬುದು ಆ ಮುದುಕಿಯ ನಂಬಿಕೆ. ಎರಡು ಮೊಮ್ಮಕ್ಕಳನ್ನು ಕಳೆದುಕೊಂಡ ಮುದುಕಿಯ ಜೊತೆ ಯಾರು ವಾದ ಮಾಡುತ್ತಾರೆ? ನಾನಂತೂ ಮಾಡಲಿಲ್ಲ. ಫೋನಿನಲ್ಲಿ ಎದೆ ತಟ್ಟಿಕೊಂಡು, "ನಡು ಮಧ್ಯಾಹ್ನ ಆದ್ರೆ ಏನಾತು? ನನ್ನ ಕಾರಲ್ಲಿ ಏಸಿ ಐತೆ, ಅಕ್ಕನ್ನ ಹೂವಿನಂಗೆ ತರ್ತೀನಿ" ಅಂದುಬಿಟ್ಟೆ.

ಹಾಗೆ ಅಂದವನಿಗೆ ಒಂದು ವಿಷಯ ಗೊತ್ತಿತ್ತು. ಎರಡು ತಿಂಗಳಿಂದ ಏಸಿ ಹಾಕಿದಾಗೆಲ್ಲ ಬಾನೆಟ್ಟಿನೊಳಗೆ ಕಟಕಟ ಎಂಬ ಸದ್ದು ಬರುತ್ತಿತ್ತು. ಮೊದಲ ಸಲ ಬಂದಾಗ ದಾರಿಬದಿಯ ಅಂಗಡಿಯಲ್ಲಿ ಬೆಲ್ಟ್ ಬಿಗಿ ಮಾಡಿಸಿದೆ. ಸದ್ದು ನಿಂತಿತು. ಹದಿನೈದು ದಿನಕ್ಕೆ ಮತ್ತೆ ಬಂತು. ಇನ್ನಷ್ಟು ಬಿಗಿ ಮಾಡಿಸಿದೆ. ಮೂರನೆಯ ಸಲ ಆ ಅಂಗಡಿಯವನು, "ಇದಕ್ಕಿಂತ ಬಿಗಿ ಆಗಲ್ಲ ಅಣ್ಣ" ಅಂದ. "ನೀನು ಮಾಡಪ್ಪ, ನಂಗೊತ್ತು" ಅಂದೆ. ಆಮೇಲೂ ಸದ್ದು ಬಂದಾಗ ಟೇಪ್ ರೆಕಾರ್ಡರಿನ ದನಿ ಏರಿಸಿದೆ. ಅದು ನಾನು ಕಂಡುಕೊಂಡ ರಿಪೇರಿ.

ಗುರುವಾರ ಸಂಜೆ ಮೊಳಕಾಲ್ಮೂರಿನಲ್ಲಿ ಅಕ್ಕನ ಮನೆ ಮುಂದೆ ಕಾರು ನಿಲ್ಲಿಸಿದೆ. ಗತ್ತು ತೋರಿಸಲೆಂದೇ ಏಸಿ ಆರಿಸದೆ ಎಂಜಿನ್ ಓಡುತ್ತಲೇ ಬಿಟ್ಟಿದ್ದೆ. ಬಾವ ಮಗ್ಗದ ಕೆಳಗೆ ಕಾಲು ಇಳಿಬಿಡುವ ಗುಂಡಿಯಿಂದ ಎದ್ದು ಬಂದವರು ನನ್ನನ್ನು ಮಾತಾಡಿಸುವ ಮೊದಲು ತಲೆ ಓರೆ ಮಾಡಿ ನಿಂತರು.

"ಏನದು ಸದ್ದು?"

"ಬೆಲ್ಟು ಬಾವ. ಹಳೇದಾಗೈತೆ."

"ಬೆಲ್ಟಲ್ಲ ಅನ್ಸುತ್ತೆ. ಏನೋ ಬುಡದಲ್ಲಿ ಅಲ್ಲಾಡ್ತೈತೆ."

ಬಾನೆಟ್ ಎತ್ತಿಸಿದರು. ಏಸಿಯ ಕಂಪ್ರೆಸರ್ ಎಂದರೆ ಒಂದು ಭಾರವಾದ ಉಂಡೆ. ಅದನ್ನು ಹೊತ್ತುಕೊಳ್ಳಲು ಎಂಜಿನ್ನಿನ ಪಕ್ಕಕ್ಕೆ ಕಬ್ಬಿಣದ ಒಂದು ಬ್ರಾಕೆಟ್ ಇರುತ್ತದೆ. ಬೋಲ್ಟ್ ಹೋಗುವ ಅದರ ಚಾಚುಗಳಿಗೆ ಮೆಕ್ಯಾನಿಕ್‌ಗಳು ಕಿವಿ ಅನ್ನುತ್ತಾರೆ. ಬಾವ ಯಾವುದರ ಹೆಸರೂ ಗೊತ್ತಿಲ್ಲದೆ ಒಂದೊಂದನ್ನೇ ಬೆರಳಿನಿಂದ ಮುಟ್ಟುತ್ತಾ ಹೋದರು. ಕೆಳಗಡೆಯ ಒಂದು ಕಿವಿಯ ಹತ್ತಿರ ಬೆರಳು ನಿಂತಿತು. "ಇಲ್ಲಿ" ಅಂದರು. ಬಗ್ಗಿ ನೋಡಿದರೆ ಉಂಡೆಗೂ ಬ್ರಾಕೆಟ್ಟಿಗೂ ನಡುವೆ ಬೆರಳು ಹೋಗುವಷ್ಟು ಸಂದು. ಊರಿನಲ್ಲಿದ್ದ ಒಬ್ಬ ಮೆಕ್ಯಾನಿಕ್ ನೆಂಟರ ಮದುವೆಗೆ ಹೋಗಿದ್ದ. "ಪರವಾಗಿಲ್ಲ ಬಿಡ್ರಿ ಬಾವ, ಚಳ್ಳಕೆರೆ ತಂಕ ಹೋಗುತ್ತೆ" ಅಂತ ನಾನು ಊಟಕ್ಕೆ ಕೂತೆ.

ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಬಾವ ತಮ್ಮ ರಿಪೇರಿ ಮುಗಿಸಿದ್ದರು. ಮಗ್ಗದ ಕಂಬಗಳು ನೇಯುವ ಹೊಡೆತಕ್ಕೆ ಸಡಿಲವಾಗುತ್ತವೆ. ಆಗ ನೇಕಾರರು ಹುಣಸೆ ಮರದ ಬೆಣೆಯನ್ನು ರಾತ್ರಿಯೆಲ್ಲ ನೀರಿನಲ್ಲಿ ನೆನೆಹಾಕಿ ಸಂದಿಗೆ ಬಡಿಯುತ್ತಾರೆ. ನೆನೆದ ಮರ ಉಬ್ಬಿ ಕಚ್ಚಿಕೊಳ್ಳುತ್ತದೆ. ಗುಂಡಿಯ ತೇವ ಅದನ್ನು ಹಾಗೇ ಇಟ್ಟಿರುತ್ತದೆ. ಅಂಥ ಒಂದು ಬೆಣೆಯನ್ನು ಅಳತೆಗೆ ಕೆತ್ತಿ, ಜಾರದಿರಲಿ ಎಂದು ರೇಷ್ಮೆ ನೂಲು ಸುತ್ತಿ, ಆ ಸಂದಿಗೆ ಹೊಡೆದು ಕೂರಿಸಿದ್ದರು. ಏಸಿ ಹಾಕಿ ನೋಡಿದೆ. ಎರಡು ತಿಂಗಳ ಸದ್ದು ಪೂರ್ತಿ ಮಾಯ. "ಭಲೇ ಬಾವ!" ಎಂದು ಅವರ ಬೆನ್ನು ತಟ್ಟಿದೆ. ಅವರು ನಾಚಿಕೊಂಡು ಕೈ ಒರೆಸಿಕೊಂಡರು. ದಿನವಿಡೀ ಮೋಟರುಗಳ ನಡುವೆ ಕೂರುವ ನಾನು, ಕಾದ ಎಂಜಿನ್ನಿನ ಪಕ್ಕದಲ್ಲಿ ಹಸಿ ಮರ ಏನಾಗುತ್ತದೆ ಎಂದು ಒಂದು ಗಳಿಗೆ ಯೋಚಿಸಲಿಲ್ಲ.

ಹನ್ನೆರಡರ ಮೇಲೆ ಹೊರಟೆವು. ಬಾವನ ತಾಯಿ ಅಕ್ಕನ ಹಣೆಗೆ ಕುಂಕುಮ ಇಟ್ಟು, ನನಗೆ "ಮೆಲ್ಲಗಾ ಪೋನಿ ನಾಯನಾ" ಎಂದು ಮೂರು ಸಲ ಹೇಳಿದರು. ಮೆಲ್ಲಗೆ ಹೋಗಪ್ಪ ಅಂತ. ಹಿಂದಿನ ಸೀಟಿನಲ್ಲಿ ಅಕ್ಕ ಬಾವನ ತೊಡೆಯ ಮೇಲೆ ತಲೆಯಿಟ್ಟು ಎಡಮಗ್ಗುಲಾಗಿ ಮಲಗಿದಳು. ಹಾನಗಲ್ ದಾಟಿದೆವು, ಬಿ.ಜಿ. ಕೆರೆ ದಾಟಿದೆವು. ಹೊರಗೆ ಬಯಲೆಲ್ಲ ಉರಿಯುತ್ತಿತ್ತು, ಒಳಗೆ ತಣ್ಣಗಿತ್ತು. "ಲೇ, ನಂಗೆ ಚಳಿ ಆಗ್ತೈತೆ ಕಣೋ" ಎಂದು ಅಕ್ಕ ನಕ್ಕಳು. ಅವಳು ಹಾಗೆ ನಕ್ಕು ವರ್ಷವಾಗಿತ್ತು. ನನಗೆ ಕಾರಿನ ಮೇಲೆ ಮುದ್ದು ಬಂತು.

ತಳಕು ಇನ್ನೂ ಸ್ವಲ್ಪ ದೂರ ಇರುವಾಗ ಸದ್ದು ಮತ್ತೆ ಶುರುವಾಯಿತು. ಈ ಸಲ ಕಟಕಟ ಅಲ್ಲ, ದಡದಡ. ನಾನು ಟೇಪಿಗೆ ಕೈ ಹಾಕುವಷ್ಟರಲ್ಲಿ ರಬ್ಬರ್ ಸುಟ್ಟ ವಾಸನೆ ಬಂದು, ಧಡ್ ಎಂದು ಏನೋ ಬಡಿದು, ತಣ್ಣನೆ ಗಾಳಿ ನಿಂತುಹೋಯಿತು. ಒಂದು ಬೇವಿನ ಮರ ನೋಡಿ ಪಕ್ಕಕ್ಕೆ ನಿಲ್ಲಿಸಿದೆ. ಬಾನೆಟ್ ಎತ್ತಿದರೆ ಕಂಪ್ರೆಸರ್ ಒಂದು ಕಡೆಗೆ ವಾಲಿತ್ತು. ಏಸಿಯ ಬೆಲ್ಟ್ ಹರಿದು ಜೋತಾಡುತ್ತಿತ್ತು. ಬೆಣೆ ಕೆಳಗಿನ ತಗಡಿನ ಮೇಲೆ ಬಿದ್ದಿತ್ತು. ಕೈಗೆತ್ತಿಕೊಂಡರೆ ಹಗುರ. ಎಂಜಿನ್ನಿನ ಕಾವಿಗೆ ಒಣಗಿ, ಸೊರಗಿ, ಸುತ್ತಿದ್ದ ನೂಲೆಲ್ಲ ಸಡಿಲವಾಗಿತ್ತು.

ಅಷ್ಟರಲ್ಲಿ ಒಳಗಿನಿಂದ ಅಕ್ಕ ಕರೆದಳು. ಏಸಿ ನಿಂತ ಹಳೆಯ ಕಾರು ಎರಡು ನಿಮಿಷಕ್ಕೆ ಒಲೆಯಾಗಿತ್ತು. ಅವಳ ಮುಖ ಕೆಂಪಗಾಗಿ ತುಟಿ ಒಣಗಿತ್ತು. ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದಳು.

"ಅಲ್ಲಾಡ್ತಾ ಇಲ್ಲ ಕಣೋ. ಆಗಿಂದ ಅಲ್ಲಾಡ್ತಾ ಇಲ್ಲ."

ಹೆದರಿಕೆ ಬಂದಾಗ ಒಬ್ಬೊಬ್ಬರು ಒಂದೊಂದು ಥರ ಆಡುತ್ತಾರೆ. ನಾನು ಬೈಯುತ್ತೇನೆ. ಆ ಬೆಣೆಯನ್ನು ಬಾವನ ಮುಖದ ಮುಂದೆ ಹಿಡಿದು ಕೂಗಿದೆ.

"ಮಗ್ಗಕ್ಕೂ ಎಂಜಿನ್ನಿಗೂ ವ್ಯತ್ಯಾಸ ಗೊತ್ತಿಲ್ದೋರು ಯಾಕ್ರೀ ಕೈ ಹಾಕಿದ್ರಿ? ಮೊದ್ಲೆರಡು ಹೋದಂಗೆ ಇದೂ ಹೋಗ್ಲಿ ಅಂತಾನಾ?"

ಆಡಿದ ಮರುಕ್ಷಣ ನನಗೇ ಗೊತ್ತಾಯಿತು. ಅಕ್ಕ ಕಣ್ಣು ಮುಚ್ಚಿಕೊಂಡಳು. ಬಾವ ಹೆಗಲ ಮೇಲಿನ ಟವೆಲ್ಲನ್ನು ಕಾರಿನಲ್ಲಿ ತಂದಿದ್ದ ಕೊಡದ ನೀರಿನಲ್ಲಿ ಅದ್ದಿ ಅಕ್ಕನ ತಲೆಗೆ ಸುತ್ತಿದರು. ಜಮಖಾನ ಕೊಡವಿ ಬೇವಿನ ನೆರಳಲ್ಲಿ ಹಾಸಿ, ಅವಳನ್ನು ಇಳಿಸಿ ಎಡಮಗ್ಗುಲಿಗೆ ಮಲಗಿಸಿದರು. ಹತ್ತಿರದ ಗುಡಿಸಲಿನಿಂದ ಒಬ್ಬ ಹೆಂಗಸು ನಮ್ಮನ್ನು ನೋಡಿದವಳೇ ಏನೂ ಕೇಳದೆ ಒಂದು ಚೆಂಬು ಮಜ್ಜಿಗೆ ತಂದಳು. "ಉಪ್ಪು ಹಾಕೀನಿ, ನಿಧಾನಕ್ಕೆ ಕುಡಿಯವ್ವ" ಅಂದು, ತನ್ನ ಸೆರಗಿನಿಂದಲೇ ಗಾಳಿ ಬೀಸುತ್ತಾ ಕೂತಳು. ನಾನು ರಸ್ತೆಯ ಮೇಲೆ ಅತ್ತಿಂದಿತ್ತ ಓಡಾಡುತ್ತಿದ್ದೆ. ಬೇಕಾದ ದೇವರನ್ನೆಲ್ಲ ಕರೆದೆ. ಆ ಹೊತ್ತು ಕಾಲು ಗಂಟೆಯೋ ಅರ್ಧ ಗಂಟೆಯೋ ನನಗೆ ಗೊತ್ತಿಲ್ಲ.

ಆಮೇಲೆ ಅಕ್ಕ ಬಾವನ ಕೈ ಹಿಡಿದು ಹೊಟ್ಟೆಯ ಮೇಲೆ ಇಟ್ಟುಕೊಂಡಳು. "ಒದೀತು" ಅಂದಳು. ಬಾವ ಮುಖವನ್ನು ಆ ಕಡೆಗೆ ತಿರುಗಿಸಿಕೊಂಡರು. ಗುಡಿಸಲಿನ ಹೆಂಗಸು, "ಹುಡುಗು ಜೋರೈತೆ ಬಿಡು" ಎಂದು ಚೆಂಬು ತೆಗೆದುಕೊಂಡು ಎದ್ದಳು.

ವಾಲಿದ ಕಂಪ್ರೆಸರ್ ಫ್ಯಾನಿಗೆ ತಾಗದಂತೆ ಬಾವ ಡಿಕ್ಕಿಯಲ್ಲಿದ್ದ ಅಕ್ಕನ ಹಾಸಿಗೆಗೆ ಕಟ್ಟಿದ್ದ ಹಗ್ಗದಿಂದ ಎಳೆದು ಕಟ್ಟಿದರು. ಕಿಟಕಿ ತೆಗೆದು, ಒದ್ದೆ ಟವೆಲ್ ಬದಲಿಸುತ್ತಾ, ಎತ್ತಿನ ಗಾಡಿಯ ವೇಗದಲ್ಲಿ ಚಳ್ಳಕೆರೆಗೆ ಬಂದೆವು. ಅವ್ವ ಅಕ್ಕನನ್ನು ತೊಳೆದ ನೆಲದ ಮೇಲೆ ಮಲಗಿಸಿ ಕಾಲು ಒತ್ತುತ್ತಾ ಕೂತಳು. ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಈಗ ಕೂಸು ಆಡುತ್ತಿದೆಯಾ, ಉಚ್ಚೆ ಸರಿಯಾಗಿ ಹೋಗುತ್ತಿದೆಯಾ ಎಂದೆಲ್ಲ ಕೇಳಿದರು. ನಾಳೆ ಹನ್ನೊಂದಕ್ಕೆ ತಪ್ಪದೆ ಕರೆತನ್ನಿ, ಆದರೆ ಇವತ್ತಿನ ಹಾಗೆ ಬಿಸಿಲಲ್ಲಿ ಬೇಯಿಸಿಕೊಂಡು ತಂದರೆ ನಾನು ನೋಡಲ್ಲ ಎಂದು ಗದರಿದರು. ಆ ಗದರಿಕೆ ನನಗೆ ಸಲ್ಲಬೇಕಾದದ್ದೇ.

ಅಂದರೆ ಅವತ್ತು ಕತ್ತಲಾಗುವುದರೊಳಗೆ ಕಾರು ಸರಿಯಾಗಬೇಕು. ನಾನು ಕೀಲಿ ತೆಗೆದುಕೊಂಡು ಹೊರಟಾಗ ಬಾವ ಬಂದು ಪಕ್ಕದ ಸೀಟಿನಲ್ಲಿ ಕೂತರು. "ನಾನೂ ಬರ್ತೀನಿ" ಅಂದರು. ದಾರಿಯುದ್ದಕ್ಕೂ ಇಬ್ಬರೂ ಮಾತಾಡಲಿಲ್ಲ. ಅವರು ಮಾತಾಡದಿರುವುದು ಹೊಸದಲ್ಲ. ನಾನು ಮಾತಾಡದಿದ್ದದ್ದು ಹೊಸದು.

ಊರಾಚೆಯ ಶೆಡ್ಡಿನಲ್ಲಿ ಒಬ್ಬ ವಯಸ್ಸಾದ ಸಾಬರು ಲಾರಿಗಳ ಕೆಲಸ ಮಾಡುತ್ತಿದ್ದರು. ಕಾರು ಮುಟ್ಟುವುದು ಅಪರೂಪ. ಆದರೆ ಕಬ್ಬಿಣಕ್ಕೆ ಸಂಬಂಧಪಟ್ಟದ್ದು ಏನೇ ಇದ್ದರೂ ಅವರ ಕೈಗೇ ಬರಬೇಕು ಎಂದು ಊರೆಲ್ಲ ಹೇಳುತ್ತಿತ್ತು. ಅವರು ಬಾನೆಟ್ಟಿನೊಳಗೆ ತಲೆ ಹಾಕಿ, ಟಾರ್ಚ್ ಬಿಟ್ಟು ನೋಡಿ, "ಯಾ ಅಲ್ಲಾ" ಎಂದರು. ಕಂಪ್ರೆಸರಿನ ಬೋಲ್ಟ್‌ಗಳನ್ನು ಬಿಚ್ಚಿದರು. ಗ್ಯಾಸಿನ ಪೈಪುಗಳನ್ನು ಮಾತ್ರ ಮುಟ್ಟಲಿಲ್ಲ. "ಇದು ಬಿಚ್ಚಿದ್ರೆ ಗ್ಯಾಸ್ ಹೋಗುತ್ತೆ, ಆಮೇಲೆ ತುಂಬ್ಸೋಕೆ ನೀವು ದಾವಣಗೆರೆಗೇ ಹೋಗ್ಬೇಕು" ಎಂದು, ಉಂಡೆಯನ್ನು ಪೈಪು ಸಮೇತ ಪಕ್ಕಕ್ಕೆ ಸರಿಸಿ ತಂತಿಯಲ್ಲಿ ತೂಗುಹಾಕಿದರು. ಬ್ರಾಕೆಟ್ ಹೊರಗೆ ಬಂತು. ಸೀಮೆಎಣ್ಣೆಯಲ್ಲಿ ತೊಳೆದು ಬೆಳಕಿಗೆ ಹಿಡಿದರೆ, ಬಾವ ನಿನ್ನೆ ಬೆರಳಿಟ್ಟ ಕಿವಿಯಲ್ಲೇ ಕೂದಲೆಳೆಯಷ್ಟು ಶುರುವಾಗಿ ಬುಡದವರೆಗೂ ಹೋದ ಸೀಳು. ಬೋಲ್ಟ್ ತೂತು ದುಂಡಗಿರಬೇಕಾದದ್ದು ಮೊಟ್ಟೆಯಾಕಾರಕ್ಕೆ ಸವೆದಿತ್ತು.

ಸಾಬರು ನನ್ನನ್ನು ಕೇಳಿದರು. "ಬೆಲ್ಟ್ ಯಾರು ಇಷ್ಟು ಬಿಗಿ ಮಾಡ್ಸಿದ್ದು?"

ನಾನು ಏನೋ ಗೊಣಗಿದೆ.

"ಬಿಗಿ ಮಾಡ್ಸಿ ಮಾಡ್ಸಿ ಕಿವಿ ಕಿತ್ತಿದೀರಾ. ಬೆಲ್ಟ್ ಎಳೀತದೆ, ಇದು ಎಷ್ಟು ಅಂತ ತಡ್ಕೊಳ್ತದೆ?" ಅಷ್ಟರಲ್ಲಿ ಅವರ ಕಣ್ಣು ಸೀಟಿನ ಮೇಲೆ ಬಿದ್ದಿದ್ದ ಬೆಣೆಯ ಮೇಲೆ ಹೋಯಿತು. ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. "ಇದು ಯಾರ ಕೆಲಸ?"

"ನಂದು" ಅಂದರು ಬಾವ. ತಲೆ ತಗ್ಗಿಸಿದ್ದರು. ಅವರು ಇನ್ನೊಂದು ಬೈಗುಳಕ್ಕೆ ತಯಾರಾಗಿ ನಿಂತ ಹಾಗಿತ್ತು.

ಸಾಬರು ನಗಲಿಲ್ಲ. "ನೀವು ನೇಯೋರಾ? ಜಾಗ ಸರಿ ಐತೆ, ಸಾಮಾನು ತಪ್ಪು. ಅಷ್ಟು ಸಲ ಬೆಲ್ಟ್ ಬಿಗಿ ಮಾಡಿದೋನಿಗೆ ಈ ಜಾಗ ಕಾಣಲಿಲ್ಲ, ನಿಮಗೆ ಕಂಡಿತು. ಇದೇ ಕಬ್ಬಿಣದ್ದು ಹೊಡೆದಿದ್ರೆ ನೀವು ಬೆಂಗಳೂರಿಗೂ ಹೋಗಿ ಬರ್ತಿದ್ರಿ."

ಅಲ್ಲಿಂದ ಮುಂದೆ ಬಾವ ಸಾಬರ ಪಕ್ಕದಲ್ಲೇ ನಿಂತರು. ಸೀಳನ್ನು ಅರದಿಂದ ಉಜ್ಜಿ ಕಾಲುವೆ ಮಾಡಿದಾಗ ಬ್ರಾಕೆಟ್ ಹಿಡಿದುಕೊಂಡವರು ಅವರು. ಬೆಸುಗೆಯ ಬೆಳಕು ಚಿಮ್ಮಿದಾಗ ಮುಖ ತಿರುಗಿಸಿ, ಆರಿದ ಕೂಡಲೇ ಬಗ್ಗಿ ನೋಡುವರು. ಸೀಳು ತುಂಬಿದ ಮೇಲೆ ಸಾಬರು ಕಿವಿಯ ಹಿಂದೆ ಮೂರು ಮೂಲೆಯ ಒಂದು ತಗಡನ್ನು ಆಸರೆಗೆ ಕೊಟ್ಟು ಬೆಸೆದರು. ಕಾದದ್ದನ್ನು ನೀರಿಗೆ ಅದ್ದಲಿಲ್ಲ. ಬೂದಿಯ ಡಬ್ಬಿಯಲ್ಲಿ ಹೂತಿಟ್ಟು, "ಇದಕ್ಕೆ ಅವಸರ ಮಾಡಿದ್ರೆ ಮತ್ತೆ ಬಿಡ್ತದೆ" ಎಂದು ಬೀಡಿ ಹಚ್ಚಿದರು. ನಾನು ಗಡಿಯಾರ ನೋಡುತ್ತಾ ಚಹಾ ತರಿಸಿದೆ. ಬಾವನಿಗೆ ಲೋಟ ಕೊಡುವಾಗ ಅವರ ಮುಖ ನೋಡುವ ಧೈರ್ಯ ಬರಲಿಲ್ಲ. ಅವರು ತೆಗೆದುಕೊಂಡು ಕುಡಿದರು.

ಸವೆದ ತೂತನ್ನೂ ತುಂಬಿ ಹೊಸದಾಗಿ ಕೊರೆದದ್ದಾಯಿತು. ಬ್ರಾಕೆಟ್ ಹಾಕಿ, ಹೊಸ ಬೋಲ್ಟ್‌ಗಳಿಗೆ ಸ್ಪ್ರಿಂಗ್ ವಾಷರ್ ಕೊಟ್ಟು ಕಂಪ್ರೆಸರನ್ನು ಕೂರಿಸಿದರು. ಇನ್ನು ಬೆಲ್ಟ್ ಓಡುವ ಎರಡು ಗಾಲಿಗಳೂ ಒಂದೇ ನೇರಕ್ಕೆ ಇರಬೇಕು. ಇಲ್ಲದಿದ್ದರೆ ಬೆಲ್ಟ್ ಒಂದು ಕಡೆ ತಿಂದು ಮತ್ತೆ ಅದೇ ಕಥೆ. ಸಾಬರು ಒಂದು ಕಣ್ಣು ಮುಚ್ಚಿ ಅಂದಾಜು ನೋಡಿ, "ಸರಿ ಐತೆ ಅನ್ಸುತ್ತೆ" ಅಂದರು. ಅವರಿಗೂ ಕಣ್ಣು ಮಂಜಾಗುವ ವಯಸ್ಸು.

ಬಾವ ಅಂಗಿಯ ಜೇಬಿನಿಂದ ಒಂದು ರೇಷ್ಮೆ ನೂಲು ತೆಗೆದರು. ನೇಕಾರರ ಜೇಬಿನಲ್ಲಿ ನೂಲು ಇದ್ದೇ ಇರುತ್ತದೆ. ಅದನ್ನು ಎರಡು ಗಾಲಿಗಳ ಅಂಚಿಗೆ ಬಿಗಿಯಾಗಿ ಎಳೆದು ಹಿಡಿದರು. ಕೆಳಗಿನ ಗಾಲಿಗೆ ನೂಲು ಪೂರ್ತಿ ತಾಗಿತ್ತು. ಕಂಪ್ರೆಸರಿನ ಗಾಲಿಯ ಒಂದು ಅಂಚಿನಲ್ಲಿ ಮಾತ್ರ ಕಂಡೂ ಕಾಣದಷ್ಟು ಬೆಳಕು.

"ಒಂದೆಳೆ ಆಚೆಗೈತೆ" ಅಂದರು ಬಾವ.

ಸಾಬರು ಹತ್ತಿರ ಬಗ್ಗಿ ನೋಡಿದರು. ತೆಳುವಾದ ಒಂದು ವಾಷರ್ ಹುಡುಕಿ ಬ್ರಾಕೆಟ್ಟಿನ ಹಿಂದೆ ಸೇರಿಸಿದರು. ಮತ್ತೆ ನೂಲು ಎಳೆದರು. ಈ ಸಲ ಬೆಳಕು ಕಾಣಲಿಲ್ಲ. ಹೊಸ ಬೆಲ್ಟ್ ಹಾಕಿ, ನಡುವೆ ಹೆಬ್ಬೆರಳಿನಿಂದ ಒತ್ತಿ, ಅರ್ಧ ಅಂಗುಲ ಬಗ್ಗುವಷ್ಟಕ್ಕೆ ಬಿಗಿ ಮಾಡಿ, ನನ್ನ ಹೆಬ್ಬೆರಳನ್ನೂ ಹಿಡಿದು ಅದರ ಮೇಲೆ ಒತ್ತಿಸಿದರು. "ಇಷ್ಟೇ. ಇದಕ್ಕಿಂತ ಜಾಸ್ತಿ ಯಾರು ಬಿಗಿ ಮಾಡಿದ್ರೂ ಅವರ ಕೈ ಮುರೀರಿ." ಎಂಜಿನ್ ಹಾಕಿ ಏಸಿ ಒತ್ತಿದೆ. ತಣ್ಣನೆ ಗಾಳಿ ಬಂತು. ಸದ್ದು ಬರಲಿಲ್ಲ. ನನಗೆ ಅಳು ಬಂತು, ಸುಳ್ಳೇಕೆ ಹೇಳಲಿ. ಬಾವನ ಎದುರು ಅತ್ತರೆ ಆ ಮಾತಿನ ಬಗ್ಗೆ ಏನಾದರೂ ಹೇಳಬೇಕಾಗುತ್ತದೆ ಎಂದು ನುಂಗಿಕೊಂಡೆ.

ಹೇಳಬೇಕಾದದ್ದು ಎರಡು ಇತ್ತು. ಕಿವಿ ಕಿತ್ತವನು ನಾನು, ಬೈಸಿಕೊಂಡವರು ನೀವು ಎಂಬುದು ಒಂದು. ಹೋದ ಮಕ್ಕಳ ಮಾತೆತ್ತಿ ಬೈದದ್ದು ಇನ್ನೊಂದು. ಮೊದಲನೆಯದನ್ನು ಸಾಬರು ನನ್ನ ಪರವಾಗಿ ಹೇಳಿಬಿಟ್ಟಿದ್ದರು. ಎರಡನೆಯದಕ್ಕೆ ನನ್ನ ನಾಲಿಗೆಯೇ ಬೇಕಿತ್ತು. ಬೈಯಲು ಅಷ್ಟು ಸಲೀಸಾಗಿ ಹೊರಳುವ ನಾಲಿಗೆ ಅದಕ್ಕೆ ಏಳಲೇ ಇಲ್ಲ.

ಅವತ್ತು ಸಂಜೆ ಬಾವ ಸ್ನಾನಕ್ಕೆ ಹೋದಾಗ ಅಕ್ಕ ನನ್ನನ್ನು ಹತ್ತಿರ ಕರೆದು ಕೂರಿಸಿಕೊಂಡಳು. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ನನ್ನ ಕೈಯಲ್ಲಿದ್ದ ಗ್ರೀಸಿನ ಕಲೆ ಒರೆಸುತ್ತಾ ಮೆತ್ತಗೆ ಹೇಳಿದಳು.

"ಅವರು ಆ ಎರಡನ್ನೂ ತಮ್ಮ ಕೈಯಾರೆ ಮಣ್ಣಿಗಿಟ್ಟು ಬಂದೋರು ಕಣೋ. ನಾನು ನೋಡಿಲ್ಲ, ಅವರು ನೋಡವ್ರೆ. ನೀನಾಡಿದ ಮಾತು ನಾನು ತೆಗೆಯಾಕಾಗಲ್ಲ. ನೀನೇ ತೆಗೀಬೇಕು."

"ಹೇಳ್ತೀನಿ ಅಕ್ಕ."

"ಅವಸರ ಇಲ್ಲ. ಆದ್ರೆ ಹೇಳು."

ಮರುದಿನ ಚಿತ್ರದುರ್ಗಕ್ಕೆ ಹೋಗಿ ಬಂದೆವು. ಕೂಸಿನ ಎದೆಬಡಿತ ಚೆನ್ನಾಗಿದೆ ಅಂದರು ಡಾಕ್ಟರಮ್ಮ. ಆಮೇಲೆ ವಾರಕ್ಕೊಮ್ಮೆ ಹೋಗುತ್ತಿದ್ದೆವು. ಪ್ರತಿ ಸಲ ಬಾವ ಮೊಳಕಾಲ್ಮೂರಿನಿಂದ ಬೆಳಗಿನ ಬಸ್ಸಿಗೆ ಬಂದು, ಹೊರಡುವ ಮುಂಚೆ ಬಾನೆಟ್ ಎತ್ತಿಸಿ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡುವರು. ಪ್ರತಿ ಸಲ ನಾನು ಇವತ್ತು ಹೇಳುತ್ತೇನೆ ಅಂದುಕೊಳ್ಳುವೆ. ಅವರು ಬಾನೆಟ್ ಮುಚ್ಚುವರು, ನಾನು ಕಾರು ಹೊರಡಿಸುವೆ. ಕೆಲವು ಮನುಷ್ಯರು ಮುಖ ಊದಿಸಿಕೊಂಡರೆ ಸಮಾಧಾನ ಮಾಡುವುದು ಸುಲಭ. ಇವರು ಮೊದಲಿನ ಹಾಗೇ ಇದ್ದರು, ಅದೇ ನನಗೆ ಕಷ್ಟವಾಯಿತು.

ಜೂನ್ ಮುಗಿಯುವಷ್ಟರಲ್ಲಿ, ಲೆಕ್ಕಕ್ಕಿಂತ ಹತ್ತು ದಿನ ಮೊದಲೇ, ಅಕ್ಕನಿಗೆ ಹೆರಿಗೆಯಾಯಿತು. ಹೆಣ್ಣು ಕೂಸು. ಸಣ್ಣದಿತ್ತು, ಆದರೆ ಅದರ ಗಂಟಲು ನೋಡಿದರೆ ನನ್ನ ಕಡೆಯದೇ. ಆಸ್ಪತ್ರೆಯ ವರಾಂಡದಲ್ಲಿ ಆ ಅಳು ಕೇಳಿದ ಬಾವ ಗೋಡೆಗೆ ಒರಗಿ ಹಾಗೇ ನೆಲಕ್ಕೆ ಕೂತುಬಿಟ್ಟರು. ಅವ್ವ ಅವರ ತಲೆ ನೇವರಿಸಿದಳು. ಅಳಿಯನ ತಲೆ ಅತ್ತೆ ಮುಟ್ಟುವುದು ನಮ್ಮಲ್ಲಿ ವಾಡಿಕೆಯಲ್ಲ. ಅವತ್ತು ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಐದನೆಯ ದಿನ ಮನೆಗೆ ಕಳಿಸಿದರು. ಮಳೆ ಬಂದಿರಲಿಲ್ಲ, ಮೋಡ ಕಟ್ಟಿ ಸೆಕೆ ಹಬೆಯಾಡುತ್ತಿತ್ತು. ನಾನು ಮುಂಚೆಯೇ ಹೋಗಿ ಏಸಿ ಹಾಕಿ ಕಾರನ್ನು ತಣ್ಣಗೆ ಮಾಡಿಟ್ಟಿದ್ದೆ. ಅಕ್ಕನ ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಬಿಗಿದು, ಕೂಸನ್ನು ಮೂರು ಬಟ್ಟೆಯಲ್ಲಿ ಸುತ್ತಿಕೊಂಡು ಅವ್ವ ಬಂದವಳು ಬಾಗಿಲು ತೆಗೆದ ಕೂಡಲೇ ಹೌಹಾರಿದಳು.

"ಅಯ್ಯೋ ನಿನ್ನ! ಬಾಣಂತಿಗೆ ಈ ಥಂಡಿ ಗಾಳಿ ಹೊಡಿಸ್ತೀಯೇನಲೇ? ಆರ್ಸು ಮೊದ್ಲು. ಕಿಟಕಿನೂ ಹಾಕು."

"ಅವ್ವ, ಈ ಏಸಿ ಸರಿ ಮಾಡ್ಸಾಕೆ ನಾವು ಪಟ್ಟ ಪಾಡು..."

"ಅದು ಬಸುರಿಗೆ. ಇವಳು ಬಾಣಂತಿ."

ಎದುರಾಡುವ ಹಾಗಿರಲಿಲ್ಲ. ಏಸಿ ಆರಿಸಿದೆ. ನಾಲ್ಕೂ ಕಿಟಕಿ ಏರಿಸಿದೆ. ಚಿತ್ರದುರ್ಗದಿಂದ ಚಳ್ಳಕೆರೆಗೆ ಆ ಮುಚ್ಚಿದ ಕಾರಿನಲ್ಲಿ ನಾವು ನಾಲ್ಕು ಜನ ದೊಡ್ಡವರು, ಒಂದು ಕೂಸು. ಹತ್ತು ನಿಮಿಷಕ್ಕೆ ನನ್ನ ಅಂಗಿ ಬೆನ್ನಿಗೆ ಅಂಟಿತು. ಬಾವನ ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ಕಾರಿನೊಳಗೆಲ್ಲ ಬಾಣಂತಿಯ ಬೆಳ್ಳುಳ್ಳಿ, ವಿಭೂತಿ, ಹಾಲಿನ ವಾಸನೆ. ನಾನು ನನ್ನ ಜೀವಮಾನದಲ್ಲಿ ಅಷ್ಟು ಬೆವರಿದ್ದೂ ಇಲ್ಲ, ಅಷ್ಟು ಸುಖವಾಗಿ ಕಾರು ಓಡಿಸಿದ್ದೂ ಇಲ್ಲ.

ಅರ್ಧ ದಾರಿಗೆ ಅಕ್ಕ ನಿದ್ದೆ ಹೋದಳು. ಅವ್ವನ ಕೈ ಜೋಮು ಹಿಡಿಯಿತು. ಕಾರು ನಿಲ್ಲಿಸು ಎಂದು ಹೇಳಿ, ಕೂಸನ್ನು ಮುಂದೆ ಕೂತಿದ್ದ ಬಾವನ ತೊಡೆಗೆ ದಾಟಿಸಿದಳು. "ಹಿಡ್ಕಳಪ್ಪ, ನಿಂದೇ ಅದು" ಅಂದಳು. ಬಾವ ಐದು ದಿನದಲ್ಲಿ ಅದನ್ನು ಒಮ್ಮೆಯೂ ಎತ್ತಿಕೊಂಡಿರಲಿಲ್ಲ, ಹೆದರಿಕೆಯಿಂದ. ಈಗ ಎರಡೂ ಕೈಯಲ್ಲಿ ಹಿಡಿದು, ಉಸಿರು ಬಿಡುವುದಕ್ಕೂ ಯೋಚಿಸುವವರ ಹಾಗೆ ಕೂತರು. ಅವರ ಬೆವರು ಕೂಸಿನ ಮೇಲೆ ಬೀಳದಿರಲಿ ಎಂದು ಮುಖ ಪಕ್ಕಕ್ಕೆ ತಿರುಗಿಸಿಕೊಂಡಿದ್ದರು. ಹಾಗೆ ತಿರುಗಿಸಿದ್ದರಿಂದ ಅವರ ಮುಖ ನನ್ನ ಕಡೆಗಿತ್ತು.

ನಾನು ಕಾರು ಹೊರಡಿಸಲಿಲ್ಲ.

"ಬಾವ," ಅಂದೆ, "ಅವತ್ತು ದಾರಿಯಲ್ಲಿ ನಾ ಹಂಗೆ ಅನ್ನಬಾರದಿತ್ತು. ಆ ಎರಡರ ಮಾತು ನನ್ನ ಬಾಯಲ್ಲಿ ಬರಬಾರದಿತ್ತು. ತಪ್ಪಾತು ಬಾವ, ನಂದು ದೊಡ್ಡ ತಪ್ಪಾತು." ಅಷ್ಟು ದಿನ ತಡೆದದ್ದು ಒಮ್ಮೆಲೇ ಬಂದದ್ದಕ್ಕೋ ಏನೋ, ನನ್ನ ದನಿ ಜೋರಾಗಿಬಿಟ್ಟಿತ್ತು.

ಬಾವ ತೊಡೆಯ ಮೇಲಿನ ಗಂಟನ್ನು ನೋಡಿಕೊಂಡರು.

"ಮೆಲ್ಲಗೆ ಮಾತಾಡಪ್ಪ," ಅಂದರು. "ಮಗಳು ಮಲಗವ್ಳೆ."